ಹಂಪಕ್ಕ ಬಿಚ್ಚಿಸಿದ ಆರು ಪಟ್ಟಿ

ನಮ್ಮ ಮನೆಯಲ್ಲಿ ಯಾರಾದರೂ ‘ಜ್ವರ’ ಎಂದರೆ ಮೊದಲು ಯಾರಿಗೆ ಎಂದು ಕೇಳಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಪುಟ್ಟಕ್ಕ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, “ಎಲ್ಲಾವುಕ್ಕೂ ಜ್ವರ ಬಂದೈತೆ, ಯಾರೂ ಒಳಿಕ್ ಹೋಗಬ್ಯಾಡ್ರಿ, ನಾಳೆ ಸಂಜೀಕೆ ಏಳ್ತವೆ” ಎಂದಾಗ ನಾನು ಬೆಂಗಳೂರಿನಿಂದ ತಂದಿದ್ದ ಥರ್ಮಾಮೀಟರು ಹುಡುಕಲು ಓಡಿದ್ದೆ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರೇಷ್ಮೆ ಹುಳು ಹಳೆಯ ಚರ್ಮ ಬಿಡುವ ಮೊದಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಒಂದು ದಿನ ಅಲುಗಾಡದೆ ಕೂರುತ್ತದೆ. ಅದಕ್ಕೆ ಇಲ್ಲಿ ‘ಜ್ವರಕ್ಕೆ ಕೂತಿತು’ ಎನ್ನುತ್ತಾರೆ. ಚರ್ಮ ಕಳಚಿದರೆ ‘ಜ್ವರದಿಂದ ಎದ್ದಿತು’. ಕೂತಿರುವಾಗ ಹುಳುವನ್ನು ಅಲ್ಲಾಡಿಸಬಾರದು. ಅಲ್ಲಾಡಿಸಿದರೆ ಕೆಲವು ಇವತ್ತು ಏಳುತ್ತವೆ, ಕೆಲವು ನಾಳೆ, ಕೆಲವು ಏಳುವುದೇ ಇಲ್ಲ.

ಅವತ್ತು ನಗದೇ ಇದ್ದವಳು ಹಂಪಕ್ಕ ಒಬ್ಬಳೇ. ಹುಳು ಎದ್ದ ಮೇಲೆ ತಟ್ಟೆಗಳನ್ನು ರೈತರ ಮನೆಗಳಿಗೆ ಒಯ್ಯುವವಳು; ಯಾವಾಗ ಬರಲೆಂದು ಕೇಳಲು ಬಂದು ಜೀಪನ್ನು ಅಂಗಳದಲ್ಲಿ ನಿಲ್ಲಿಸಿದ್ದಳು. “ನಗಬ್ಯಾಡ್ರಿ ಪಾಪ” ಎಂದಳು. “ನಾನು ಮೊದಲನೇ ಸಲ ಬಂದಾಗ, ಹುಳಕ್ಕ ಜ್ವರ ಅಂದ್ರಂತ ನೆಲಬೇವಿನ ಕಷಾಯ ಕಾಸಿ ತಂದಿದ್ದೆ. ಒಂದು ಚೆಂಬು ತುಂಬ!”

ಆವತ್ತಿನಿಂದ ಆ ಮನೆಯಲ್ಲಿ ನನಗೆ ಒಬ್ಬಳು ಜೊತೆಗಾತಿ ಸಿಕ್ಕಳು.

ಹಂಪಕ್ಕನ ಊರು ರಾಯದುರ್ಗದಾಚೆ, ನೇಮಕಲ್ಲಿನ ಹತ್ತಿರದ ಒಂದು ಹಳ್ಳಿ. ಗಂಡ ಬೋರಪ್ಪ ಓಬಳಾಪುರದ ಕಡೆ ಗಣಿ ಕೂಲಿಗಳನ್ನು ಕೂರಿಸಿಕೊಂಡು ಜೀಪು ಓಡಿಸುತ್ತಿದ್ದ. ಮಧ್ಯಾಹ್ನ ಡ್ರೈವರುಗಳು ಬುತ್ತಿ ಬಿಚ್ಚಿ ಕೂತಾಗ, ಬುತ್ತಿ ತಂದ ಹಂಪಕ್ಕ ಆ ಕೆಂಪು ಮಣ್ಣಿನ ಬಯಲಲ್ಲಿ ಖಾಲಿ ಜೀಪು ಸುತ್ತಿಸಿ ಸುತ್ತಿಸಿ ಕಲಿತಳು. ಗಣಿಯ ಕೆಲಸ ನಿಂತ ವರ್ಷ ಗಂಡ ಹೆಂಡತಿ ಒಂದು ಹಳೇ ಜೀಪು ಕೊಂಡು, ಹಂಪಕ್ಕನ ಅಕ್ಕನನ್ನು ಕೊಟ್ಟಿದ್ದ ಮಡಕಶಿರಕ್ಕೆ ಬಂದರು. ಎರಡು ವರ್ಷಕ್ಕೆ ಬೋರಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಯಿತು. ಸ್ಟಿಯರಿಂಗ್ ಹಂಪಕ್ಕನ ಕೈಗೆ ಬಂತು. ಲೈಸೆನ್ಸ್ ಪರೀಕ್ಷೆಯ ದಿನ ಸಾಹೇಬರು ಅವಳ ಹಿಂದೆ ಮುಂದೆ ನೋಡಿ, “ಡ್ರೈವರ್ ಎಕ್ಕಡಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರಂತೆ, ಡ್ರೈವರ್ ಎಲ್ಲಿ ಎಂದು. “ಮೀ ಎದುರುಗಾನೇ ಉಂದಿ ಸಾರ್”, ನಿಮ್ಮ ಎದುರಿಗೇ ಇದ್ದಾಳೆ ಎಂದು ಜೀಪು ಹತ್ತಿ, ಹಿಂದಕ್ಕೆ ಎಂಟಿನ ಆಕಾರ ಹಾಕಿ ತೋರಿಸಿದಳಂತೆ. ಹೇಳುವಾಗ ಈಗಲೂ ಅವಳ ಮುಖ ಹಿಗ್ಗುತ್ತದೆ.

ನಮ್ಮ ಮನೆ ಮಡಕಶಿರದಿಂದ ಹದಿನೈದು ಕಿಲೋಮೀಟರು. ಕೊನೆಯ ನಾಲ್ಕು ಕಿಲೋಮೀಟರಿಗೆ ರಸ್ತೆಯೆಂಬುದಿಲ್ಲ. ಗುಡ್ಡದ ಮೇಲೆ ತಂಪಿರುತ್ತದೆ, ಅಕ್ಕಪಕ್ಕ ಬೇರೆ ಹುಳುಮನೆ ಇಲ್ಲದ್ದರಿಂದ ರೋಗ ಅಂಟುವುದಿಲ್ಲ ಎಂದು ಮಾವ ಅಲ್ಲಿಯೇ ಚಾಕಿ ಕೇಂದ್ರ ಕಟ್ಟಿದರು, ಅಂದರೆ ಮರಿಹುಳು ಸಾಕಿ ರೈತರಿಗೆ ಕೊಡುವ ಮನೆ. ಅರ್ಧ ದಾರಿಯಲ್ಲಿ ಮೆಟ್ಟಿಲುಬಂಡೆ ಎಂಬ ಜಾಗವಿದೆ. ಮೊಣಕಾಲೆತ್ತರದ ಕಲ್ಲುಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಅಲ್ಲಿ ಹತ್ತಲು ಹಂಪಕ್ಕನ ಜೀಪು ಬಿಟ್ಟರೆ ಟ್ರ್ಯಾಕ್ಟರು. ಹೋದ ವರ್ಷ ನನ್ನ ಗಂಡ ಸುನೀಲ್ ಹೊಸ ಗಾಡಿ ತಂದ ಮೇಲೆ ಅದೂ ಒಂದು.

ಈಗ ನನ್ನ ಮಗಳ ವಿಷಯ. ಇಂಪನಾಳಿಗೆ ಒಂಬತ್ತು ತಿಂಗಳಿದ್ದಾಗ ಸ್ನಾನ ಮಾಡಿಸುವಾಗ ಅವಳ ಎರಡು ತೊಡೆಯ ಮಡಿಕೆಗಳು ಒಂದೇ ಸಮ ಇಲ್ಲವೆನಿಸಿತು. ಎಲ್ಲರೂ ನನ್ನನ್ನೇ ಬೈದರು. ಮಗು ಸೀನಿದರೆ ಡಾಕ್ಟರಿಗೆ ಫೋನು ಮಾಡುವವಳು ನಾನು. ನನ್ನ ಮಾತನ್ನು ಯಾರು ನಂಬುತ್ತಾರೆ? ಹಟ ಮಾಡಿ ಬೆಂಗಳೂರಿಗೆ ಕರೆದೊಯ್ದೆ. ಎಡಗಡೆ ತೊಡೆಯ ಕೀಲು ಬಟ್ಟಲಿನಿಂದ ಜಾರಿತ್ತು. ಡಾಕ್ಟರು ಅದನ್ನು ಕೂರಿಸಿ, ಎದೆಯ ಕೆಳಗಿನಿಂದ ಪಾದದವರೆಗೆ ಕಪ್ಪೆಯ ಹಾಗೆ ಕಾಲು ಅಗಲಿಸಿ ಪ್ಲಾಸ್ಟರು ಹಾಕಿದರು. “ಆರು ವಾರಕ್ಕೆ ಬಂದರೆ ಎಕ್ಸ್‌ರೇ ತೆಗೆದು ಪ್ಲಾಸ್ಟರು ಬದಲಿಸುತ್ತೇವೆ, ಇನ್ನಾರು ವಾರಕ್ಕೆ ಬಿಚ್ಚುತ್ತೇವೆ. ಜೋರಾಗಿ ಎತ್ತಿ ಹಾಕಿದ ಹಾಗೆ ಆಗಬಾರದು. ಕೀಲು ಮತ್ತೆ ಜಾರಿದರೆ ತೆರೆದು ಆಪರೇಷನ್ ಮಾಡಬೇಕಾಗುತ್ತದೆ.” ತವರಲ್ಲಿ ಉಳಿಯೋಣವೆಂದರೆ ಅಲ್ಲಿ ಎರಡು ಕೋಣೆಯ ಮನೆಯಲ್ಲಿ ಅತ್ತಿಗೆಯ ಬಾಣಂತನ. ಗುಡ್ಡಕ್ಕೇ ವಾಪಸಾದೆವು, ಸುನೀಲನ ಹೊಸ ಗಾಡಿಯಲ್ಲಿ.

ಟಾರು ರಸ್ತೆಯ ಮೇಲೆ ಆ ಗಾಡಿ ನೀರಿನ ಮೇಲೆ ತೇಲಿದ ಹಾಗೆ. ಮೆಟ್ಟಿಲುಬಂಡೆಯಲ್ಲಿ ಮುಂದಿನ ಎಡಗಾಲಿ ಕಲ್ಲು ಹತ್ತಿತು, ಬಲಗಾಲಿ ನೆಲ ಬಿಟ್ಟು ಗಾಳಿಯಲ್ಲಿ ನಿಂತಿತು. ಒಂದು ಕ್ಷಣ ಹಾಗೇ ತೂಗಿ, ಗಾಡಿ ಬಲಗಾಲಿಯ ಮೇಲೆ ದಢ್ ಎಂದು ಕುಸಿಯಿತು. ಮಗು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಡಾಕ್ಟರಿಗೆ ಫೋನು ಮಾಡಿದರೆ, “ಏನೂ ಆಗಿರಲಿಕ್ಕಿಲ್ಲ, ಎಕ್ಸ್‌ರೇಯಲ್ಲಿ ನೋಡೋಣ” ಎಂದರು. ಏನೂ ಆಗಿರಲಿಕ್ಕಿಲ್ಲ ಎಂಬ ಮಾತನ್ನು ಕಟ್ಟಿಕೊಂಡು ಆರು ವಾರ ಬದುಕಬೇಕಿತ್ತು. ಮೇಲಾಗಿ, ಎಕ್ಸ್‌ರೇಗೆ ಹೋಗಲು ಅದೇ ಬಂಡೆ ಇಳಿಯಬೇಕು. ಎತ್ತಿಕೊಂಡು ನಡೆಯೋಣವೆಂದರೆ ಮಳೆಗಾಲ, ಕಲ್ಲಿಗೆ ಪಾಚಿ. ಮಾವ ಅಲ್ಲೇ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರಿನ ಮಗುವನ್ನು ಹಿಡಿಯಲು ಎರಡು ಕೈಯೂ ಬೇಕು. ಆಸರೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಲಿ?

ಮಾರನೆಯ ದಿನ ಮಗುವನ್ನು ನೋಡಲು ಬಂದ ಹಂಪಕ್ಕ ಪ್ಲಾಸ್ಟರಿನ ಮೇಲೆ ಬೆರಳಾಡಿಸಿದಳು. “ಇದಕ್ಕೂ ಜ್ವರ ಬಂದಂಗ ಆತಲ್ರಿ” ಎಂದಳು. “ಜ್ವರಕ್ಕ ಕೂತೈತಿ ಕೂಸು. ಈ ಚರ್ಮ ಬಿಡೋತನ ಅಲ್ಲಾಡಿಸಬಾರದು, ಅಷ್ಟ. ಮುಂದಿನ ಸಲ ನನ್ನ ಜೀಪ್ನಾಗ ಇಳೀರಿ.”

ಸುನೀಲನಿಗೆ ನಗು ಬಂತು. “ಅಯ್ಯೋ ಹಂಪಕ್ಕ, ನಿನ್ ಜೀಪು ಸಾಲಿಡ್ ಆಕ್ಸಲ್ದು. ಅದ್ರಾಗೆ ಹೋದ್ರೆ ದೊಡ್ಡೋರ ಸೊಂಟಾನೇ ಉಳಿಯಲ್ಲ. ನಂದು ಇಂಡಿಪೆಂಡೆಂಟ್ ಸಸ್ಪೆನ್ಶನ್ ಕಣಕ್ಕ. ಒಂದು ಗಾಲಿ ಕಲ್ಲು ಹತ್ತುದ್ರೆ ಇನ್ನೊಂದಕ್ಕೆ ಗೊತ್ತೇ ಆಗಲ್ಲ.”

“ಅದ ಹೇಳಾಕತ್ತೀನಪ್ಪ. ಗೊತ್ತ ಆಗಲಿಲ್ಲ ಅಂತಲೇ ಅದು ಗಾಳ್ಯಾಗ ನಿಂತು ಬಿತ್ತು.” ಹಂಪಕ್ಕ ನನ್ನ ಕಡೆ ತಿರುಗಿದಳು. “ತಕ್ಕಡಿ ನೋಡೀರಲ್ರಿ? ಈ ತಟ್ಟಿ ಮ್ಯಾಲೆ ಹೋದ್ರ ಆ ತಟ್ಟಿ ಕೆಳಗ ಕೂಡ್ತದ. ನನ್ನ ಜೀಪಿನ ಮುಂದಿನ ಗಾಲಿ ಹಂಗ. ಚಕ್ಕಡಿಗೆ ಇದ್ದಂಗ ಎರಡಕ್ಕೂ ಒಂದ ಇರುಸು. ಒಂದು ಕಲ್ಲು ಹತ್ತಿದ್ರ, ಆ ಇರುಸು ಇನ್ನೊಂದನ್ನ ನೆಲಕ್ಕ ಒತ್ತಿ ಹಿಡಿತದ. ನಿಮ್ಮದಕ್ಕ ಗಾಲಿಗೊಂದು ಕೈ. ಆ ಕೈ ಎಷ್ಟುದ್ದ ಐತೋ ಅಷ್ಟ ಕೆಳಗ ಚಾಚ್ತದ, ಆಮ್ಯಾಲೆ ಜೋತಾಡ್ತದ.”

ನನಗೆ ಇಬ್ಬರ ಮಾತೂ ಸರಿಯೆನಿಸಿತು. ಇಬ್ಬರ ಮೇಲೂ ನಂಬಿಕೆ ಬರಲಿಲ್ಲ. ಯೂಟ್ಯೂಬ್ ನೋಡಿದೆ; ಅಲ್ಲಿ ಅರ್ಧ ಜನ ಇದು ಒಳ್ಳೆಯದೆನ್ನುತ್ತಾರೆ, ಅರ್ಧ ಜನ ಅದು. ಯಾರ ಗಾಡಿಯಲ್ಲೂ ಪ್ಲಾಸ್ಟರು ಹಾಕಿದ ಮಗು ಇರಲಿಲ್ಲ. ಮಾತು ಮಾತಿಗೆ ಅಳು ಬರುತ್ತಿತ್ತು. ಹಂಪಕ್ಕನೇ ದಾರಿ ಹೇಳಿದಳು: “ನನ್ನ ಮಾತು ಬಿಡ್ರಿ, ಅವನ ಮಾತೂ ಬಿಡ್ರಿ. ಜ್ವರಕ್ಕ ಕೂತ ಹುಳಾನ ಕೇಳೋಣು.”

ಜ್ವರಕ್ಕೆ ಕೂತ ಒಂದು ತಟ್ಟೆ ಅವಳ ಜೀಪಿನಲ್ಲಿ, ಒಂದು ಸುನೀಲನ ಗಾಡಿಯಲ್ಲಿ ಟಾರು ರಸ್ತೆಯವರೆಗೆ ಹೋಗಿ ಬರಬೇಕು, ಒಂದು ತಟ್ಟೆ ಮನೆಯಲ್ಲೇ ಇರಬೇಕು. ಮಾರನೆಯ ಸಂಜೆ ಯಾವುದರಲ್ಲಿ ಎಷ್ಟು ಎದ್ದವು ಎಂದು ಎಣಿಸಬೇಕು. ಮಾವ ಹೌಹಾರಿದರು. ಕೂತ ಹುಳುವನ್ನು ಮನೆಯಿಂದ ಆಚೆ ಕದಲಿಸಿದವರಿಲ್ಲ. ಅತ್ತೆ ಒಂದೇ ಮಾತು ಹೇಳಿ ತಟ್ಟೆ ಎತ್ತಿ ಕೊಟ್ಟರು: “ಮೊಮ್ಮಗಳಿಗಿಂತ ಎಲ್ಡು ತಟ್ಟೆ ಹುಳ ಹೆಚ್ಚಾ ನಿಮಗೆ?”

ಮಾರನೆಯ ಸಂಜೆ ನಾನು ಮತ್ತು ಅತ್ತೆ ಕೂತು ಎಣಿಸಿದೆವು. ಮನೆಯಲ್ಲಿದ್ದ ತಟ್ಟೆಯಲ್ಲಿ ಎಲ್ಲ ಎದ್ದು ಸೊಪ್ಪಿಗೆ ತಲೆ ಆಡಿಸುತ್ತಿದ್ದವು. ಸುನೀಲನ ಗಾಡಿಯ ತಟ್ಟೆಯಲ್ಲಿ ಕಾಲುಪಾಲು ಎದ್ದಿರಲಿಲ್ಲ. ಹಂಪಕ್ಕನದರಲ್ಲಿ ಅರ್ಧಕ್ಕರ್ಧ.

“ಹುಳಾನೂ ನಿಂಗೆ ಓಟು ಹಾಕಲಿಲ್ಲವಲ್ಲಕ್ಕ” ಎಂದ ಸುನೀಲ.

ಹಂಪಕ್ಕ ಆ ತಟ್ಟೆಯ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಳು. ಹದಿಮೂರು ವರ್ಷದಿಂದ ತನ್ನ ಜೀಪಿನಷ್ಟು ಮೆತ್ತಗೆ ಬಂಡೆ ಇಳಿಯುವ ಗಾಡಿ ಇಲ್ಲವೆಂದು ಹೇಳಿಕೊಂಡು ಬಂದವಳು. ಬಸುರಿಯರನ್ನು, ಮುದುಕರನ್ನು ಅದೇ ಮಾತಿನ ಮೇಲೆ ಕೂರಿಸಿಕೊಂಡವಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಅವಳು ಎದ್ದು ಹೋಗಿ ಜೀಪಿನ ಕೆಳಗೆ ಮಲಗಿದಳು. ಹೊರಬಂದಾಗ ಸೆರಗಿಗೆ ಗ್ರೀಸು, ಮುಖದಲ್ಲಿ ಬೇರೆಯೇ ಬೆಳಕು.

“ತಪ್ಪು ನಂದೈತ್ರಿ. ನಾನು ಯಾವತ್ತು ಖಾಲಿ ಜೀಪು ಓಡಿಸೀನಿ? ಹದಿನಾರು ಮಂದಿ ಇಲ್ಲದ ಗೇರು ಹಾಕಿದಾಕಿ ಅಲ್ಲ ನಾನು. ನಿನ್ನೆ ನಾನೊಬ್ಬಾಕಿ, ಒಂದು ತಟ್ಟಿ ಹುಳ!”

ಆಮೇಲೆ ಬಿಡಿಸಿ ಹೇಳಿದಳು. ಜೀಪಿನ ಭಾರ ಕೂರುವುದು ಬಿಲ್ಲಿನ ಹಾಗೆ ಬಾಗಿದ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಮೇಲೆ. ನಮ್ಮ ಕಡೆ ಸಂತೆ ಜೀಪುಗಳಿಗೆಲ್ಲ ಕಂಪನಿಯವರು ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಹಾಕಿಸುತ್ತಾರೆ, ಜನ ಜೋತು ಬಿದ್ದರೂ ತಡೆಯಲಿ ಎಂದು. ಹದಿನಾರು ಜನ ಕೂತರೆ ಆ ಪಟ್ಟಿ ಬಾಗಿ ಜೀಪು ತೊಟ್ಟಿಲಾಗುತ್ತದೆ. ಖಾಲಿ ಇದ್ದರೆ ಬಾಗುವುದೇ ಇಲ್ಲ, ಪ್ರತಿ ಕಲ್ಲೂ ನೇರ ಬೆನ್ನಿಗೆ. ತುಂಬಿದ ಜೀಪಿನ ಮೆತ್ತನೆಯನ್ನು ಅವಳು ಜೀಪಿನದೇ ಮೆತ್ತನೆ ಎಂದುಕೊಂಡಿದ್ದಳು.

“ಹಂಗಾದ್ರೆ ಹದಿನಾರು ಜನಾನ ಕೂರಿಸ್ಕೊಂಡು ಬೆಂಗ್ಳೂರ್ಗೆ ಹೋಗಬೇಕಾ?” ಎಂದ ಸುನೀಲ.

“ಪಟ್ಟಿ ತಗಸ್ತೀನಪ್ಪ” ಎಂದಳು ಹಂಪಕ್ಕ.

ಮಡಕಶಿರದಲ್ಲಿ ಮೆಕ್ಯಾನಿಕ್ ದೊಡ್ಡತಿಮ್ಮಪ್ಪನ ಶೆಡ್ಡಿನಲ್ಲಿ ನಡೆದದ್ದನ್ನು ಸುನೀಲನೇ ಬಂದು ಹೇಳಿದ. ದೊಡ್ಡತಿಮ್ಮಪ್ಪ ಮೊದಲು ಸುನೀಲನ ಗಾಡಿಯನ್ನೇ ಹಂಗಿಸಿದನಂತೆ: “ಇಂಡಿಪೆಂಡೆಂಟ್ ಅಲ್ವೇನಪ್ಪ ನಿಂದು? ಎಲೆಕ್ಷನ್ನಾಗೆ ನಿಂತಂಗೆ. ಗೆದ್ದ ಮ್ಯಾಲೆ ಯಾವ ಕಡೀಕೆ ಹೋಗ್ತಾನೋ ಯಾರಿಗ್ಗೊತ್ತು.” ಹಂಪಕ್ಕ ಪಟ್ಟಿ ತೆಗೆಯಲು ಹೇಳಿದಾಗ ಮಾತ್ರ ನಗು ನಿಲ್ಲಿಸಿ ಸ್ಪಾನರ್ ಕೆಳಗಿಟ್ಟನಂತೆ.

“ತಲೆ ಕೆಟ್ಟೈತಾ ಹಂಪಕ್ಕ? ಪಟ್ಟಿ ತೆಗುದ್ರೆ ಆರು ಜನದ ಮ್ಯಾಲೆ ಹತ್ತಿಸಂಗಿಲ್ಲ. ಸಂತೆ ದಿನ ಏನ್ಮಾಡ್ತೀಯ?”

“ಆರು ಮಂದಿ ಹತ್ತಸ್ತೀನಣ್ಣ.”

“ಎಷ್ಟು ದಿನ?”

“ಕೂಸು ಜ್ವರದಿಂದ ಏಳೋತನ. ಮೂರು ತಿಂಗಳು.”

“ಮೂರು ತಿಂಗ್ಳು ಜ್ವರಾನಾ? ಲೇ, ದೊಡ್ಡಾಸ್ಪತ್ರೆಗೆ ತೋರಿಸ್ರೋ!”

ಮುಂದಿನ ಎರಡು ಗಾಲಿಗೆ ಒಂದೊಂದು, ಹಿಂದಿನವಕ್ಕೆ ಎರಡೆರಡು, ಒಟ್ಟು ಆರು ಪಟ್ಟಿ ಬಿಚ್ಚಿದರು. ಹಂಪಕ್ಕ ಅವನ್ನು ನಮ್ಮ ಮನೆಗೇ ತಂದು ಹಾಕಿದಳು. ಅತ್ತೆ ಹಿಪ್ಪುನೇರಳೆ ಸೊಪ್ಪಿಗೆ ಹೊದಿಸಿದ ಒದ್ದೆ ಗೋಣಿತಾಟು ಗಾಳಿಗೆ ಏಳದಿರಲೆಂದು ಅವನ್ನೇ ಭಾರವಾಗಿ ಇಟ್ಟರು.

ಮುಂದಿನ ತಂಡದ ಹುಳು ಎರಡನೆಯ ಜ್ವರಕ್ಕೆ ಕೂತಾಗ ಮತ್ತೆ ತಟ್ಟೆ ಹೊರಟಿತು. ಈ ಸಲ ಹಂಪಕ್ಕ ಟೈರಿನ ಗಾಳಿಯನ್ನೂ ಅರ್ಧಕ್ಕೆ ಇಳಿಸಿದ್ದಳು. ಬೋರಪ್ಪ ಪಕ್ಕದಲ್ಲಿ ಕೂತು ಕಿವಿಯಿಟ್ಟು ಕೇಳಿ, “ಪಟ್ಟಿ ಉಸಿರಾಡಾಕತ್ಯಾವ ಈಗ” ಎಂದನಂತೆ. ಮಾರನೆಯ ಸಂಜೆ ಎಣಿಸಿದರೆ ಏಳದೆ ಉಳಿದವು ಐದು. ನಾನು ಎರಡು ಸಲ ಎಣಿಸಿದೆ. ಐದೇ.

ಹಂಪಕ್ಕ ಬೀಗಲಿಲ್ಲ. “ಬಂಡೆಮಟ್ಟ ನಂದು. ಟಾರ್ ರೋಡಿಗೆ ನನ್ನ ಜೀಪು ಬ್ಯಾಡ್ರಿ” ಎಂದಳು. “ಓಟದಾಗ ಈ ಇರುಸು ಭಾರ, ಕುಣಿತದ. ಅಲ್ಲಿ ಸುನೀಲಪ್ಪನ ಗಾಡಿನ ಸೈ. ನಾ ಇಳಿಸಿ ಕೊಡ್ತೀನಿ, ಅವ ಒಯ್ಯಲಿ.” ತನ್ನ ಗಾಡಿ ಎಲ್ಲಿಯವರೆಗೆ ಒಳ್ಳೆಯದು ಎಂದು ಇಷ್ಟು ಸಲೀಸಾಗಿ ಗೆರೆ ಎಳೆದವರನ್ನು ನಾನು ನೋಡಿರಲಿಲ್ಲ.

ಆರನೆಯ ವಾರದ ಆ ಬೆಳಿಗ್ಗೆ ಸಣ್ಣ ಹನಿ ಬೀಳುತ್ತಿತ್ತು. ನಡುವಿನ ಸೀಟಿನಲ್ಲಿ ದಿಂಬುಗಳ ನಡುವೆ ಇಂಪನಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತೆ. ಸುನೀಲ ತನ್ನ ಗಾಡಿಯನ್ನು ಮುಂಚೆಯೇ ಇಳಿಸಿ ಟಾರು ರಸ್ತೆಯಲ್ಲಿ ಕಾಯುತ್ತಿದ್ದ. ಮೆಟ್ಟಿಲುಬಂಡೆ ಬಂದಾಗ ಹಂಪಕ್ಕ ಚಿಕ್ಕ ಗೇರಿಗೆ ಹಾಕಿ ಕಾಲು ಬ್ರೇಕಿನಿಂದ ತೆಗೆದಳು. ಜೀಪು ತಾನೇ ಹೆಜ್ಜೆಯಿಟ್ಟ ಹಾಗೆ ಇಳಿಯತೊಡಗಿತು. ಎಡಗಾಲಿ ಕಲ್ಲಿನ ಮೇಲೇರಿತು. ನಾನು ಕಣ್ಣು ಮುಚ್ಚಿದೆ, ಆ ದಢ್ ಬರುತ್ತದೆಂದು. ಜೀಪು ಬಲಕ್ಕೆ ವಾಲಿತು, ವಾಲುತ್ತ ಹೋಯಿತು, ಬಲಗಾಲಿ ಕೆಳಗಿನ ನೆಲವನ್ನು ಒತ್ತಿಕೊಂಡೇ ಇತ್ತು. ಆಮೇಲೆ ಅಷ್ಟೇ ನಿಧಾನವಾಗಿ ನೆಟ್ಟಗಾಯಿತು.

“ಉಸಿರು ಬಿಡ್ರಿ ಯವ್ವಾ” ಎಂದಳು ಹಂಪಕ್ಕ, ಹಿಂದಕ್ಕೆ ನೋಡದೆ. “ನೀವು ಬಿಗಿ ಹಿಡಿದ್ರ ನಿಮ್ಮ ತೊಡಿನೂ ಪಟ್ಟಿ ಹಾಕಿದಂಗ ಆಗ್ತದ. ಕೂಸಿಗೆ ಅದೂ ಒಂದು ಕಲ್ಲು.”

ಉಸಿರು ಬಿಟ್ಟೆ. ಏಳು ಕಲ್ಲು ಇಳಿದೆವು. ಇಂಪನಾ ಹಂಪಕ್ಕನ ಜಡೆಯ ತುದಿಯನ್ನು ಹಿಡಿಯಲು ಕೈ ಚಾಚುತ್ತ ಗುರ್ ಗುರ್ ಎಂದು ಜೀಪಿನ ಸದ್ದನ್ನೇ ಮಾಡುತ್ತಿದ್ದಳು.

ಬೆಂಗಳೂರಿನಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಬಟ್ಟಲಲ್ಲೇ ಇದೆ, ಚೆನ್ನಾಗಿ ಕೂತಿದೆ” ಎಂದರು. ನನಗೆ ನಂಬಿಕೆ ಬರದೆ ಮತ್ತೆ ಕೇಳಿದೆ, ಮೂರನೆಯ ಸಲವೂ ಕೇಳಿದೆ. ಹೊಸ ಪ್ಲಾಸ್ಟರು ಹಾಕಿಸಿಕೊಂಡು ಬಂದೆವು. ಟಾರು ರಸ್ತೆ ಮುಗಿಯುವಲ್ಲಿ ಹಂಪಕ್ಕನ ಜೀಪು ನಿಂತಿತ್ತು.

ಇನ್ನಾರು ವಾರ ಅವಳ ಜೀಪು ಸಂತೆಗೆ ಆರೇ ಜನರನ್ನು ಒಯ್ದಿತು. ಬುಟ್ಟಿ ಹೊತ್ತ ಹೆಂಗಸರು ಗುಡ್ಡದ ಬುಡದಲ್ಲಿ ನಿಂತು, “ಏನ್ ಹಂಪಕ್ಕ, ಜೀಪ್ಗೆ ಬಾಣಂತನ ಮಾಡ್ತಿದೀಯಾ? ಕಿವಿಗೆ ಬಟ್ಟೇನೂ ಕಟ್ಟು!” ಎಂದು ಕೂಗುತ್ತಿದ್ದರು. ಅವಳು ಹಾರ್ನ್ ಒತ್ತಿ ಉತ್ತರ ಕೊಡುತ್ತಿದ್ದಳು. ಹತ್ತು ಜನ ಕಾಲ್ನಡಿಗೆಯಲ್ಲಿ ಹೋಗುವಂತಾಯಿತು ಎಂದು ನಾನು ಒಮ್ಮೆ ಸಂಕೋಚದಿಂದ ಹೇಳಿದ್ದಕ್ಕೆ, “ಅವರಿಗೆ ಕಾಲು ಅದಾವ್ರಿ, ನಡೀಲಿ. ಕೂಸಿಗೆ ಕಾಲು ಬರಬೇಕಲ್ಲ” ಎಂದಳು.

ಪ್ಲಾಸ್ಟರು ಬಿಚ್ಚಿದ ದಿನ ಬೆಂಗಳೂರಿನಿಂದ ಹೊರಟಾಗ ಮಧ್ಯಾಹ್ನವಾಗಿತ್ತು. ಇಂಪನಾಳ ಕಾಲು ಕಡ್ಡಿಯಂತೆ ಸಣ್ಣಗಾಗಿತ್ತು, ತೊಡೆಯ ಮೇಲಿನ ಹಳೆಯ ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ಅದನ್ನು ನೋಡಿ ನಾನು ದಾರಿಯುದ್ದಕ್ಕೂ ಮತ್ತೇನೋ ಚಿಂತೆ ಹಚ್ಚಿಕೊಂಡಿದ್ದೆ. ಟಾರು ಮುಗಿಯುವಲ್ಲಿ ಹಂಪಕ್ಕ ಬಾನೆಟ್ಟಿಗೆ ಒರಗಿ ನಿಂತಿದ್ದಳು. ನಮ್ಮ ಗಾಡಿ ಪೂರ್ತಿ ನಿಲ್ಲುವ ಮೊದಲೇ ಕಿಟಕಿಗೆ ಬಂದಳು.

“ಎದ್ದಳೇನ್ರಿ?”

“ಎದ್ದಳು ಹಂಪಕ್ಕ.”

ಅವಳು ಗ್ರೀಸಿನ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಆ ಸಣ್ಣ ಕಾಲನ್ನು ಪಾದದಿಂದ ತೊಡೆಯವರೆಗೆ ಮೆಲ್ಲಗೆ ಸವರಿದಳು. ಏಳುತ್ತಿದ್ದ ಚರ್ಮವನ್ನು ನೋಡಿದಳು. “ಹೌದ್ರಿ, ಪೂರಾ ಎದ್ದಾಳ. ಇನ್ನ ಸೊಪ್ಪು ಹಾಕ್ರಿ ಜೋರು, ಹಸಿವು ತಡಿಯಂಗಿಲ್ಲ ಈಗ.” ಇಂಪನಾ ಆ ಕಾಲಿನಿಂದಲೇ ಅವಳ ಮೂಗಿಗೆ ಒದ್ದಳು. ಎಡಗಾಲು. ನಾನು ಅಳಬಾರದೆಂದುಕೊಂಡರೂ ಅತ್ತುಬಿಟ್ಟೆ.

ಹಂಪಕ್ಕ ಮೂಗು ಒರೆಸಿಕೊಂಡು ಜೀಪಿನ ಬಾಗಿಲು ತೆಗೆದಳು.

“ಹತ್ರಿ ಲಗೂನ. ಮ್ಯಾಲೆ ಹೋದ ಕೂಡ್ಲೇ ಸೊಪ್ಪಿನ ಮ್ಯಾಲಿನ ನನ್ನ ಆರು ಪಟ್ಟಿ ತೆಗುದು ಕೊಡ್ರಿ. ನಾಡದು ಸಂತಿ ಐತಿ.”